ಸೊಂಟಕ್ಕೆ ಸೂಜಿ ಹಾಕಿಸಿಕೊಂಡ ಸೋದರಮಾವ

ಸೂಜಿಗೆ ಹೆದರುವ ಗಂಡಸರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ನಾನು ಕೊಳ್ಳೇಗಾಲದಲ್ಲಿ ಲೇಡೀಸ್ ಟೈಲರ್. ಮೀಸೆ ಚಿಗುರುವ ಮೊದಲೇ ಸೂಜಿ ಹಿಡಿದವನು. ಒಂದು ಸಲ ಮಿಷನ್ ಸೂಜಿ ಉಗುರಿನೊಳಕ್ಕೇ ಇಳಿದಾಗಲೂ ‘ಸ್’ ಎನ್ನದೆ, ಎದುರಿಗಿದ್ದ ಗಿರಾಕಿಗೆ “ತೋಳು ಇನ್ನೊಂಚೂರು ಉದ್ದ ಇಡ್ಲಾ ಅಕ್ಕ?” ಎಂದು ಕೇಳಿದ ಧೀರ! ಹೀಗಾಗಿ ಅಕ್ಯುಪಂಕ್ಚರ್ ಎಂದರೆ ಮೈಗೆ ಸೂಜಿ ಚುಚ್ಚುತ್ತಾರೆ, ಹುಷಾರು ಎಂದು ಯಾರೋ ಎಚ್ಚರಿಸಿದಾಗ ನಾನು ನಕ್ಕುಬಿಟ್ಟೆ. ಬೆಕ್ಕಿಗೆ ಹಾಲು ತೋರಿಸಿ ಹೆದರಿಸುತ್ತಾರೆಯೇ?

ಆ ನಗು ಬಹಳ ಹೊತ್ತು ಉಳಿಯಲಿಲ್ಲ. ನಡೆದದ್ದನ್ನು ಮೊದಲಿಂದ ಹೇಳುತ್ತೇನೆ.

ನನ್ನ ಅಕ್ಕನ ಮಗಳು ರಮ್ಯಾಳಿಗೆ ಮದುವೆ ಗೊತ್ತಾಯಿತು. ಅಕ್ಕನನ್ನು ಕೊಟ್ಟಿರುವುದು ಯಳಂದೂರಿಗೆ, ಮದುವೆಯೂ ಅಲ್ಲಿಯದೇ ಛತ್ರದಲ್ಲಿ. ನಮ್ಮ ಮನೆತನದಲ್ಲಿ ಮುಹೂರ್ತದ ಹೊತ್ತಿಗೆ ಹೆಣ್ಣು ತಾನಾಗಿ ನಡೆದು ಮಂಟಪಕ್ಕೆ ಬರುವ ಹಾಗಿಲ್ಲ. ಸೋದರಮಾವ ಎತ್ತಿಕೊಂಡು ತರಬೇಕು. ರಮ್ಯಾ ಚಿಕ್ಕವಳಿದ್ದಾಗ ರಜೆ ಬಂತೆಂದರೆ ನನ್ನ ಅಂಗಡಿಯಲ್ಲೇ ಬೀಡುಬಿಡುತ್ತಿದ್ದಳು. ಕತ್ತರಿಸಿ ಉಳಿದ ರೇಷ್ಮೆ ತುಂಡುಗಳನ್ನೆಲ್ಲ ಬೊಂಬೆಗೆ ಸುತ್ತಿ, ಬೊಂಬೆಗೊಂದು ಮದುವೆ ಮಾಡಿ, ಸಂಜೆ ನನ್ನ ಹೆಗಲ ಮೇಲೆ ಕೂತು ಬಸ್‌ಸ್ಟ್ಯಾಂಡ್‌ವರೆಗೂ ಸವಾರಿ. ಆ ಹುಡುಗಿ ಈಗ ಫೋನ್ ಮಾಡಿ, “ಮಾವ, ನೀವೇ ಎತ್ಕಬೇಕು. ಅನೂರಿನ ನಾಗೇಂದ್ರ ಮಾವ ನಾನು ಎತ್ಕತೀನಿ ಅಂತಾವ್ರೆ. ನಂಗೆ ಬ್ಯಾಡ. ಅವ್ರು ದಾರೀಲೇ ಫೋಟೊಕ್ಕೆ ನಿಂತ್ಕಂಡ್ಬುಡ್ತಾರೆ!” ಎಂದಳು.

ನಾಗೇಂದ್ರ ನನ್ನ ಚಿಕ್ಕಪ್ಪನ ಮಗ. ಹನೂರಿನವನು, ಜಿಮ್ಮಿಗೆ ಹೋಗುತ್ತಾನೆ. ತೋಳು ಕಾಣುವ ಬನಿಯನ್ನು ಬಿಟ್ಟು ಬೇರೆ ಬಟ್ಟೆ ಇಲ್ಲವೇನೋ ಎಂಬಂತೆ ಓಡಾಡುತ್ತಾನೆ. ಟೈಲರ್ ಅಣ್ಣನಿಗೆ ಅವನಿಂದ ಒಂದು ಅಂಗಿಯ ವ್ಯಾಪಾರವೂ ಇಲ್ಲ! ಅಂಥವನಿಗೆ ನಾನು ರಮ್ಯಾಳನ್ನು ಬಿಟ್ಟುಕೊಡುವುದೇ? “ನೀನು ಯೋಚ್ನೆ ಮಾಡ್ಬೇಡ ಮಗಾ, ನಿನ್ನ ಮಾವ ಇನ್ನೂ ಗಟ್ಟಿಯಾಗವ್ನೆ” ಎಂದು ಮಾತು ಕೊಟ್ಟೆ.

ಮಾತು ಕೊಟ್ಟ ಮೇಲೆ ಅಭ್ಯಾಸ ಬೇಡವೇ? ಇಷ್ಟು ವರ್ಷ ನಾನು ಎತ್ತಿದ ಅತಿ ಭಾರದ ವಸ್ತು ಇಸ್ತ್ರಿಪೆಟ್ಟಿಗೆ. ಮದುವೆಗೆ ಇನ್ನು ಐದೇ ದಿನ ಎನ್ನುವಾಗ ಮನೆಯಲ್ಲಿದ್ದ ಅಕ್ಕಿ ಮೂಟೆಯನ್ನೇ ವಧುವೆಂದು ಭಾವಿಸಿ ತಾಲೀಮು ಆರಂಭಿಸಿದೆ. ನನ್ನ ಹೆಂಡತಿ ಗೌರಿ, ರೇಷ್ಮೆ ಸೀರೆಗೆ ಕುಚ್ಚು ಕಟ್ಟುತ್ತಾ ಕೂತಿದ್ದವಳು, ತಲೆ ಎತ್ತಿ ನೋಡಿದಳು.

“ಏನ್ರೀ ಅದು? ಮೂಟೇನ ತಬ್ಕಂಡಿದ್ದೀರಿ?”

“ಇದು ಮೂಟೆ ಅಲ್ಲ, ರಮ್ಯಾ.”

“ರಮ್ಯಾ ಕೇಳುಸ್ಕಂಡ್ರೆ ಮದುವೇನೇ ಬ್ಯಾಡ ಅಂತಾಳೆ. ಇಳುಸ್ರಿ, ಸೊಂಟ ಇಡ್ಕಂಡಾತು.”

ಹೆಂಡತಿಯ ನಾಲಗೆಯಲ್ಲಿ ಮಚ್ಚೆ ಇದೆಯೋ ಏನೋ! ನಡುಮನೆ ದಾಟಿ ಅಡುಗೆಮನೆಯ ಹೊಸ್ತಿಲಿಗೆ ಕಾಲಿಟ್ಟೆ. ಸೊಂಟದಲ್ಲಿ ‘ಕಳಕ್’ ಎಂದಿತು. ವಧು ಕೆಳಗೆ ಬಿದ್ದು ಹೊಟ್ಟೆ ಒಡೆದುಕೊಂಡಳು. ಮನೆ ತುಂಬ ಅಕ್ಕಿ. ಅದರ ನಡುವೆ ಅಂಗಾತ ಬಿದ್ದ ನಾನು. ಮುಹೂರ್ತಕ್ಕೆ ಮೊದಲೇ ಅಕ್ಷತೆ ಬಿದ್ದ ಸೋದರಮಾವ ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು.

ಗೌರಿ ಮೊದಲು ಅಕ್ಕಿ ಬಾಚಿದಳು, ಆಮೇಲೆ ನನ್ನನ್ನು ಎಬ್ಬಿಸಿದಳು. ಎದ್ದೆನೇ ಹೊರತು ನೆಟ್ಟಗಾಗಲಿಲ್ಲ. ಪಕ್ಕದ ಮನೆಯ ಪುಟ್ಟತಾಯಮ್ಮ ಸದ್ದು ಕೇಳಿ ಓಡಿ ಬಂದರು. ಅವರು ಕಾಲು ಮುಂದಾಗಿ ಹುಟ್ಟಿದವರು. ಹಾಗೆ ಹುಟ್ಟಿದವರು ಕಾಲಿನಿಂದ ಸೊಂಟಕ್ಕೆ ಒದ್ದರೆ ಚಳುಕು ಬಿಡುತ್ತದೆ ಎಂಬುದು ನಮ್ಮ ಬೀದಿಯ ನಂಬಿಕೆ. ಪುಟ್ಟತಾಯಮ್ಮ ಈ ಒಂದು ಯೋಗ್ಯತೆಯ ಮೇಲೆ ಬೀದಿಯ ಎಲ್ಲ ಗಂಡಸರನ್ನೂ ಒದ್ದಿದ್ದಾರೆ.

“ಬಗ್ಗು ಸಿದ್ದರಾಜು, ಮೂರೇ ಮೂರು ಒದ್ಬುಡ್ತೀನಿ.”

“ನಾನು ಆಗ್ಲೇ ಬಗ್ಗೇ ಇವ್ನಿ ಕಣವ್ವ, ಏಳಾಕಾಯ್ತಿಲ್ಲ!”

ಒದ್ದರು. ಚಳುಕು ಬಿಡಲಿಲ್ಲ. ಸೊಂಟದಲ್ಲಿದ್ದದ್ದು ಬೆನ್ನಿಗೂ ಹತ್ತಿತು. ಪುಟ್ಟತಾಯಮ್ಮನೇ ಬೇಸರಪಟ್ಟುಕೊಂಡು, “ಈಗಿನ ಸೊಂಟಗಳು ಮೊದಲಿನಂಗಿಲ್ಲ ಬುಡು” ಎಂದು ಹೋದರು.

ಮರುದಿನ ಕಾಮಗೆರೆಯ ಆಸ್ಪತ್ರೆಗೆ ಹೋಗಿ ಎಕ್ಸ್‌ರೇ ತೆಗೆಸಿದೆವು. ಮೂಳೆಗೆ ಏನೂ ಆಗಿಲ್ಲ, ಸ್ನಾಯು ಹಿಡಿದುಕೊಂಡಿದೆ, ಮಾತ್ರೆ ತಗೊಂಡು ವಿಶ್ರಾಂತಿ ಮಾಡಿ ಎಂದರು ಡಾಕ್ಟರು. ಮೂಳೆ ನೆಟ್ಟಗಿರುವುದು ತಿಳಿದು ಜೀವ ಬಂತು. ಆದರೆ ಮದುವೆ ಕಾಯುತ್ತದೆಯೇ? ಅಷ್ಟರಲ್ಲಿ ಬ್ಲೌಸು ತಗೊಂಡು ಹೋಗಲು ಬಂದ ಕುಂತೂರಿನ ಗಿರಾಕಿಯೊಬ್ಬಳು ನಾನು ಗೋಡೆ ಹಿಡಿದು ನಡೆಯುವುದನ್ನು ನೋಡಿ, “ನಮ್ಮ ಯಜಮಾನ್ರಿಗೂ ಇಂಗೇ ಆಗಿತ್ತು ಸಾ, ಇಲ್ಲೇ ಒಂದು ಮಹಡಿ ಮೇಲೆ ಒಬ್ರು ಮೇಡಮ್ಮು ಅಕ್ಯುಪಂಕ್ಚರ್ ಮಾಡ್ತಾರೆ, ತೋರ್ಸಿ” ಎಂದಳು. ಸೂಜಿಯ ಎಚ್ಚರಿಕೆ ಕೊಟ್ಟವಳೂ ಅವಳೇ. ನಕ್ಕವನು ನಾನೇ.

ಹೋಗುವ ಮೊದಲು ನಾನು ಮಾಡಿಕೊಂಡ ಸಿದ್ಧತೆಗಳನ್ನು, ಈ ಚಿಕಿತ್ಸೆಗೆ ಹೊಸದಾಗಿ ಹೋಗುವವರ ಅನುಕೂಲಕ್ಕಾಗಿ, ಇಲ್ಲಿ ಕಾಣಿಸುತ್ತೇನೆ. ದಯವಿಟ್ಟು ಯಾರೂ ಹೀಗೆ ಮಾಡಬಾರದು. ಆಸ್ಪತ್ರೆ ಎಂದ ಮೇಲೆ ಬರಿಹೊಟ್ಟೆಯಲ್ಲೇ ಹೋಗಬೇಕು ಎಂದುಕೊಂಡು ಬೆಳಿಗ್ಗೆಯಿಂದ ಒಂದು ಲೋಟ ನೀರೂ ಕುಡಿಯಲಿಲ್ಲ. ಗೌರಿ ಇಡ್ಲಿ ತಂದಿಟ್ಟರೆ, “ರಕ್ತ ತೆಗೆದ್ರೆ ತಪ್ಪು ತೋರಿಸ್ಬುಡ್ತದೆ ಕಣೇ” ಎಂದು ದಬಾಯಿಸಿದೆ. ಇನ್ನೊಬ್ಬರಿಗೆ ಚುಚ್ಚಿದ ಸೂಜಿ ನಮಗೇಕೆ ಎಂದು ಅಂಗಡಿಯಿಂದ ಸ್ವಂತ ಸೂಜಿಗಳನ್ನೂ ಜೇಬಿಗೆ ಹಾಕಿಕೊಂಡೆ. ನೋವು ದೊಡ್ಡದಲ್ಲವೇ? ಅದಕ್ಕೇ ಕೋಟಿಗೆ ಗುಂಡಿ ಹಾಕುವ ದಪ್ಪ ಸೂಜಿಗಳನ್ನೇ ಆರಿಸಿದ್ದೆ.

ಮೇಡಂ ವಯಸ್ಸಿನಲ್ಲಿ ಚಿಕ್ಕವರು, ಶಾಂತ ಮುಖ. ಎಕ್ಸ್‌ರೇ ನೋಡಿದರು, ಮಾತ್ರೆಗಳನ್ನು ನೋಡಿದರು. ಸಕ್ಕರೆ ಕಾಯಿಲೆ ಇದೆಯೇ, ರಕ್ತ ತೆಳುವಾಗಲು ಏನಾದರೂ ತಗೊಳ್ಳುತ್ತೀರಾ, ಎದೆಯೊಳಗೆ ಯಂತ್ರ ಇಟ್ಟಿದ್ದಾರಾ ಎಂದೆಲ್ಲ ಕೇಳಿದರು. ನಾನು ಜೇಬಿನಿಂದ ಸೂಜಿ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟೆ.

“ಏನಿದು?”

“ಸೂಜಿ ಮೇಡಂ. ನಮ್ಮ ಅಂಗಡೀದು. ಹೊಸದು.”

ಅವರು ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. “ಇದನ್ನ ಯಾರಿಗೆ ಚುಚ್ಚಬೇಕು ಅಂತ ತಂದ್ರಿ?”

“ನನಗೇ.”

ನಗಬಾರದೆಂದು ಅವರು ಪಟ್ಟ ಕಷ್ಟ ನನಗೆ ಕಾಣುತ್ತಿತ್ತು. ತಮ್ಮ ಬಳಿಯ ಪ್ಯಾಕೆಟ್ ಒಡೆದು ತೋರಿಸಿದರು. ಒಬ್ಬರಿಗೆ ಒಮ್ಮೆ ಬಳಸಿದ್ದನ್ನು ಮತ್ತೆ ಯಾರಿಗೂ ಬಳಸುವುದಿಲ್ಲವಂತೆ. ಸೂಜಿ ನೋಡಿ ನನಗೆ ನಿಜಕ್ಕೂ ಅವಮಾನವಾಯಿತು. ಅದೂ ಒಂದು ಸೂಜಿಯೇ? ತಲೆಗೂದಲಿನಷ್ಟು ತೆಳು, ಮೇಲೊಂದು ಸಣ್ಣ ಹಿಡಿ. ಕಣ್ಣೇ ಇಲ್ಲ! “ಇದ್ರಲ್ಲಿ ಒಂದು ಹುಕ್ಕು ಕೂಡ ಹಾಕಕ್ಕಾಗಲ್ಲ ಮೇಡಂ” ಎಂದೆ. “ನಾನು ಹುಕ್ಕು ಹಾಕಲ್ಲ, ನೀವು ಮಲಗಿ” ಎಂದರು.

“ತಿಂಡಿ ತಿಂದಿದ್ದೀರಿ ತಾನೆ?”

“ಹ್ಞೂ” ಎಂದೆ. ಎಲ್ಲ ಡಾಕ್ಟರೂ ಇಷ್ಟಪಡುವ ಉತ್ತರ ಯಾವುದೋ ಅದನ್ನು ಹೇಳುವುದು ನನ್ನ ಅಭ್ಯಾಸ.

ಅಂಗಿ ಕಳಚಿ ಬೋರಲು ಮಲಗಿದೆ. ಗೌರಿ ತಲೆಯ ಹತ್ತಿರ ಸ್ಟೂಲು ಹಾಕಿಕೊಂಡು ಕೂತಳು. ಮೊದಲ ಸೂಜಿ ಹೋದದ್ದೇ ತಿಳಿಯಲಿಲ್ಲ. ಸೊಳ್ಳೆ ಕಡಿದಷ್ಟೂ ಇಲ್ಲ. ಸ್ವಲ್ಪ ಹೊತ್ತಿಗೆ ಅಲ್ಲೊಂದು ಜುಮ್ಮೆನ್ನುವ ಭಾರ, ಕೂತು ಕೂತು ಕಾಲು ಹಿಡಿದಾಗ ಆಗುತ್ತದಲ್ಲ, ಹಾಗೆ. ಹಾಗಾದರೆ ಒಳ್ಳೆಯದೇ ಎಂದರು ಮೇಡಂ. ಸೊಂಟಕ್ಕೆ ಹಾಕಿದರು, ಸರಿ. ಮೊಣಕಾಲಿನ ಹಿಂದಕ್ಕೆ ಹಾಕಿದರು. ಕೊನೆಗೆ ಬಲಗೈಯ ಮೇಲಕ್ಕೂ ಹಾಕಿದರು.

“ಮೇಡಂ, ನೋವಿರೋದು ಸೊಂಟದಲ್ಲಿ” ಎಂದು ನೆನಪಿಸಿದೆ.

“ಗೊತ್ತು. ಸೊಂಟದ ನೋವಿಗೆ ಕೈಯಲ್ಲೂ ಜಾಗ ಇದೆ. ನಿಮ್ಮ ಮನೇಲಿ ಲೈಟು ಮೇಲಿರುತ್ತೆ, ಸ್ವಿಚ್ಚು ಗೋಡೇಲಿ ಇರಲ್ವಾ?”

ನಾನು ಸ್ವಿಚ್ಚಿನ ಕೈಯನ್ನು ಹುಷಾರಾಗಿ ದಿಂಬಿನ ಪಕ್ಕಕ್ಕೆ ಚಾಚಿಕೊಂಡೆ. “ಇಪ್ಪತ್ತು ನಿಮಿಷ ಅಲ್ಲಾಡಬೇಡಿ. ತಲೆ ಸುತ್ತಿದರೆ ತಕ್ಷಣ ಕೂಗಿ” ಎಂದು ಹೇಳಿ ಅವರು ಪಕ್ಕದ ಕೋಣೆಗೆ ಹೋದರು.

ಅವರು ಅತ್ತ ಹೋದರು, ಇತ್ತ ದಿಂಬಿನ ಪಕ್ಕದಲ್ಲಿದ್ದ ನನ್ನ ಫೋನು ಬಡಿದುಕೊಂಡಿತು. ಗೌರಿ ಎತ್ತಿ ನೋಡಿ, “ನಾಗೇಂದ್ರ” ಎಂದಳು. ಸ್ಪೀಕರ್ ಹಾಕಿದಳು.

“ಅಣ್ಣೋ, ಸೊಂಟ ಓಯ್ತಂತಲ್ಲ! ಪುಟ್ಟತಾಯವ್ವ ಯೋಳುದ್ರು. ನೀನೇನ್ ತಲೆ ಕೆಡುಸ್ಕಬೇಡ ಕಣಣ್ಣ. ನಾನಿವ್ನಲ್ಲ? ರಮ್ಯಾನ ಒಂದೇ ಕೈಲಿ ಎತ್ಕಂಡು ಓಯ್ತೀನಿ. ನೀನು ಮುಂದ್ಗಡೆ ಚೇರಾಕ್ಕಂಡು ಕೂತ್ಕೊ.”

ಚೇರಾಕ್ಕಂಡು ಕೂತ್ಕೊ! ನನ್ನ ರಕ್ತ ಕುದಿಯಿತು. ಗೌರಿಯ ಕೈಯಿಂದ ಫೋನು ಕಿತ್ತುಕೊಂಡೆ. “ಲೇ ನಾಗೇಂದ್ರ! ನನ್ನ ಸೊಂಟ ಕಬ್ಬಿಣ ಕಣ್ಲಾ, ಬಂದು ನೋಡು!” ಎಂದು ಗರ್ಜಿಸಿದೆ. ಆ ಗರ್ಜನೆ ಮುಗಿಯುವಷ್ಟರಲ್ಲಿ ಕಿವಿಯಲ್ಲಿ ಗುಂಯ್ ಎಂದಿತು. ಹಣೆಯಲ್ಲಿ ತಣ್ಣನೆ ಬೆವರು. ಕಣ್ಣ ಮುಂದೆ ಕತ್ತಲೆ. “ಗೌರೀ...” ಎಂದದ್ದಷ್ಟೇ ನೆನಪು. ಕಬ್ಬಿಣದ ಸೊಂಟದವನು ಮೂರ್ಛೆ ಹೋಗಿದ್ದ.

ಕಣ್ಣು ಬಿಟ್ಟಾಗ ಸೂಜಿಗಳೆಲ್ಲ ಹೊರಗೆ, ಕಾಲ ಕೆಳಗೆ ಎರಡು ದಿಂಬು. ಮೇಡಂ ಗ್ಲೂಕೋಸ್ ನೀರು ಕುಡಿಸುತ್ತಾ, “ನಿಜ ಹೇಳಿ, ಏನು ತಿಂದಿದ್ರಿ?” ಎಂದರು. ನಾನು ಬಾಯಿ ತೆರೆಯುವ ಮೊದಲೇ ಗೌರಿ, “ನಿನ್ನೆ ರಾತ್ರಿ ಮುದ್ದೆ ಉಂಡಿದ್ದೇ ಮೇಡಂ, ಇಡ್ಲಿ ಬ್ಯಾಡ ಅಂದ್ಬುಟ್ರು” ಎಂದು ನನ್ನನ್ನು ಹಿಡಿದುಕೊಟ್ಟಳು. ಖಾಲಿ ಹೊಟ್ಟೆಯಲ್ಲಿ ಬಂದರೆ ಹೀಗೇ ಆಗುವುದು, ಸ್ವಲ್ಪವಾದರೂ ತಿಂದು ಬರಬೇಕು ಎಂದು ಮೇಡಂ ಗದರಿದರು. ಗದರುತ್ತಲೇ ತಟ್ಟೆಯಲ್ಲಿದ್ದ ಸೂಜಿಗಳನ್ನು ಎಣಿಸಿದರು. ಮತ್ತೆ ಎಣಿಸಿದರು. ನನ್ನ ಬೆನ್ನು ನೋಡಿದರು. ಹಾಸಿಗೆ ನೋಡಿದರು.

“ಒಂದು ಸೂಜಿ ಕಮ್ಮಿ ಇದೆ” ಎಂದರು.

ಸ್ವಾಮಿ, ಟೈಲರನ ಮನೆಯಲ್ಲಿ ಈ ಮಾತಿಗಿಂತ ಭಯಂಕರವಾದ ಮಾತು ಇನ್ನೊಂದಿಲ್ಲ! ನನಗೆ ಕೆಲಸ ಕಲಿಸಿದ ಮೇಸ್ತ್ರಿ ಸದಾ ಹೇಳುತ್ತಿದ್ದರು: ಕಳೆದ ಸೂಜಿ ಮೈಯೊಳಗೆ ಹೊಕ್ಕರೆ ರಕ್ತದ ಜೊತೆ ಓಡಾಡಿ ನೇರ ಹೃದಯಕ್ಕೇ ಬರುತ್ತದೆ. ನಾನು ತಕ್ಷಣ ಎದೆ ಹಿಡಿದುಕೊಂಡೆ. ಎಡಗಡೆ ಏನೋ ಚುಚ್ಚಿದಂತಾಯಿತು. ಬಲಗಡೆಯೂ ಚುಚ್ಚಿದಂತಾಯಿತು.

“ಒಳಕ್ಕೋಯ್ತು ಮೇಡಂ! ಮೇಲಕ್ಕೆ ಬತ್ತಾ ಅದೆ!”

“ಹೋಗಲ್ಲ. ಹಿಡಿ ಇರುತ್ತೆ ನೋಡಿ ಸೂಜಿಗೆ. ಚರ್ಮದ ಒಳಗೆ ಇಳಿಯಲ್ಲ” ಎಂದರು ಮೇಡಂ.

ಯಾರು ಕೇಳುತ್ತಾರೆ? ನಾನು ಆಗಲೇ ಕೊನೆಯ ಮಾತುಗಳಿಗೆ ಇಳಿದಿದ್ದೆ. “ಗೌರಿ, ಆ ಹಸಿರು ಬ್ಲೌಸಿಗೆ ಕೈ ಹೊಲಿಗೆ ಬಾಕಿ ಅದೆ. ರಮ್ಯಾನ ಎತ್ಕಳಾಕೆ... ಆ ನಾಗೇಂದ್ರನಿಗೇ ಹೇಳು. ಅಂಗಿ ಹಾಕ್ಕಂಡು ಬರಾಕೆ ಹೇಳು.”

ಅಲ್ಲಿಯವರೆಗೆ ಗಟ್ಟಿಯಾಗಿದ್ದ ಗೌರಿ ಈ ಮಾತಿಗೆ ಕರಗಿಹೋದಳು. ರಮ್ಯಾಳನ್ನೇ ಬಿಟ್ಟುಕೊಟ್ಟರೆಂದರೆ ಇವರ ಕಥೆ ಮುಗಿಯಿತು ಎಂದು ಅವಳಿಗೆ ಖಾತ್ರಿಯಾಯಿತಂತೆ. “ಅಂಗೆಲ್ಲ ಅನ್ಬೇಡಿ ಕಣ್ರೀ” ಎಂದು ಗೊಳೋ ಎಂದು ಅತ್ತಳು. ಅತ್ತು, ಕಣ್ಣೊರೆಸಿಕೊಳ್ಳಲು ಸೆರಗು ತೆಗೆದು ಮುಖಕ್ಕೆ ಒತ್ತಿಕೊಂಡಳು.

“ಅಯ್ಯಯ್ಯಪ್ಪಾ!”

ಸೂಜಿ ಸಿಕ್ಕಿತು.

ಇದರ ಹಿನ್ನೆಲೆ ಇಷ್ಟು. ಅಂಗಡಿಯಲ್ಲಿ ನಾನು ಹೊಲಿಯುವಾಗ ಗೌರಿ ಪಕ್ಕದಲ್ಲೇ ಕೂತು ಕುಚ್ಚು ಕಟ್ಟುತ್ತಾಳೆ. ಕೈಯಲ್ಲಿರುವ ಸೂಜಿಯನ್ನು ಅರೆಗಳಿಗೆ ಎಲ್ಲಾದರೂ ಇಡಬೇಕು ಎಂದಾಗ ನನ್ನ ಕೈ ತಾನಾಗಿ ಹೋಗುವುದು ಅವಳ ಸೆರಗಿಗೆ. ಅವಳೂ ಬೈದು ಬೈದು ಸಾಕಾಗಿ ಬಿಟ್ಟಿದ್ದಾಳೆ. ಫೋನು ಕಿತ್ತುಕೊಳ್ಳುವ ಅವಸರದಲ್ಲಿ ಬಲಗೈಯ ಮೇಲಿದ್ದ ಸೂಜಿ ಅಡ್ಡ ಬಂದಿರಬೇಕು. ಎಡಗೈ ಅದನ್ನು ಕಿತ್ತು, ಯಜಮಾನನ ಅಪ್ಪಣೆಗೂ ಕಾಯದೆ, ಎಂದಿನ ಜಾಗದಲ್ಲಿ ಚುಚ್ಚಿಟ್ಟಿತ್ತು!

ಮೇಡಂ ಸೂಜಿಯನ್ನು ಡಬ್ಬಿಗೆ ಹಾಕಿ, ಗೌರಿಯ ಕೆನ್ನೆಗೆ ಸ್ಪಿರಿಟ್ ಹಚ್ಚಿ, ಒಂದು ಟಿಟಿ ಇಂಜೆಕ್ಷನ್ ಹಾಕಿಸಿಕೊಳ್ಳಲು ಹೇಳಿದರು. ಸೊಂಟ ನೋವು ಗಂಡನಿಗೆ, ಇಂಜೆಕ್ಷನ್ ಹೆಂಡತಿಗೆ. ಮನೆಯವರೆಗೂ ಅವಳು ಕೆನ್ನೆ ಹಿಡಿದುಕೊಂಡೇ ನಡೆದಳು. ನನಗೋ ಒಳಗೊಳಗೇ ಎಷ್ಟು ಹಗುರಾಗಿತ್ತು ಎಂದರೆ, ಬಸ್‌ಸ್ಟ್ಯಾಂಡ್ ಹತ್ತಿರ ನಿಂತು ಎದೆ ಮುಟ್ಟಿ ನೋಡಿಕೊಂಡೆ. ಸೂಜಿ ಇಲ್ಲದ ಹೃದಯ ಎಂಥ ಸುಖದ ವಸ್ತು ಎಂದು ಅವತ್ತು ತಿಳಿಯಿತು.

ಮಾರನೆಯ ದಿನ ಇಡ್ಲಿ ತಿಂದೇ ಹೋದೆ. ಫೋನು ಮನೆಯಲ್ಲಿ. ಗೌರಿ ಸ್ಟೂಲನ್ನು ನನ್ನ ಕೈಗೆ ಎಟುಕದಷ್ಟು ದೂರ ಹಾಕಿಕೊಂಡು, ಸೆರಗನ್ನು ಸೊಂಟಕ್ಕೆ ಬಿಗಿದು ಕೂತಳು. ಸೂಜಿ ಹಾಕಿ ಸ್ವಲ್ಪ ಹೊತ್ತಿಗೆ ನನಗೆ ನಿದ್ದೆ. ಗೊರಕೆಗೆ ಪಕ್ಕದ ಕೋಣೆಯ ರೋಗಿ ಎದ್ದು ಬಂದು ನೋಡಿದರಂತೆ. ಎಚ್ಚರವಾಗಿ ಎದ್ದು ನಿಂತರೆ, ಅಬ್ಬಾ! ನೆಟ್ಟಗೆ ನಿಂತಿದ್ದೆ! ಬಗ್ಗಿದೆ, ಬಗ್ಗಲಾಯಿತು. ಚಪ್ಪಲಿಯನ್ನು ನಾನೇ ಹಾಕಿಕೊಂಡೆ. ಮೇಡಂ ಕೈಮುಗಿಸಿಕೊಳ್ಳಲು ಒಪ್ಪಲಿಲ್ಲ. “ಕೆಲವರಿಗೆ ಬೇಗ ಗುಣ ಕಾಣುತ್ತೆ, ಕೆಲವರಿಗೆ ಕಾಣಲ್ಲ. ನಿಮಗೆ ಮಾತ್ರೆ, ವಿಶ್ರಾಂತಿ ಎಲ್ಲ ಸೇರಿ ಆಗಿರಬಹುದು. ಪವಾಡ ಅಂತ ಊರೆಲ್ಲ ಹೇಳ್ಕೊಂಡು ತಿರುಗಬೇಡಿ” ಎಂದರು.

“ಮೇಡಂ, ಹಾಗಾದ್ರೆ ಭಾನುವಾರ ಹುಡುಗೀನ ಎತ್ಕಬಹುದಾ?”

ಮೇಡಂ ಗೌರಿಯ ಮುಖ ನೋಡಿದರು. “ಯಾವ ಹುಡುಗಿ?”

ಗೌರಿ ವಿವರಿಸಿದಳು. ಮೇಡಂ ಅಡ್ಡಡ್ಡ ತಲೆ ಆಡಿಸಿಬಿಟ್ಟರು. “ಒಂದು ಕೊಡ ನೀರು ಕೂಡ ಎತ್ತೋ ಹಾಗಿಲ್ಲ. ಎರಡು ವಾರ.”

ನಾನು “ಆಗಲಿ ಮೇಡಂ” ಎಂದೆ. ಮೆಟ್ಟಿಲು ಇಳಿಯುತ್ತಾ ಗೌರಿಗೆ, “ಈ ವಿಷಯ ಯಳಂದೂರಿಗೆ ಮುಟ್ಟಬಾರದು” ಎಂದೆ. ಅವಳು “ನಾನ್ಯಾಕೆ ಯೋಳ್ಲಿ?” ಎಂದಳು. ಇಷ್ಟು ವರ್ಷ ಸಂಸಾರ ಮಾಡಿಯೂ ನಾನು ಅದನ್ನು ನಂಬಿದೆ!

ಭಾನುವಾರ ಬಂತು. ಛತ್ರ ತುಂಬಿತ್ತು. ವಧುವಿನ ಕೋಣೆಯ ಬಾಗಿಲಲ್ಲಿ ನಾಗೇಂದ್ರ ಆಗಲೇ ತೋಳು ಮಡಚಿ ನಿಂತಿದ್ದ. ಅಕ್ಕ ನನ್ನನ್ನು ಪಕ್ಕಕ್ಕೆ ಕರೆದು, “ಆಯ್ತದೇನ್ಲಾ ಸಿದ್ದ? ನನ್ನ ಮಗಳ್ನ ಬೀಳುಸ್ಬುಟ್ಟೀಯ ಕಣ್ಲಾ” ಎಂದಳು. ಅವಳ ಕಣ್ಣಲ್ಲಿ ನಿಜವಾದ ಭಯವಿತ್ತು. ನನಗೂ ಇತ್ತು. ನನ್ನ ಸೊಂಟ ಹೋದರೆ ಹೋಗಲಿ, ಆ ಹುಡುಗಿ ಎಲ್ಲರೆದುರು ಮುಹೂರ್ತದ ಹೊತ್ತಿನಲ್ಲಿ ಬಿದ್ದರೆ? ಅಕ್ಕಿ ಮೂಟೆ ಒಡೆದ ಸದ್ದು ಕಿವಿಯಲ್ಲಿ ಕೇಳಿಸಿತು. ನಾಗೇಂದ್ರನ ತೋಳುಗಳನ್ನೊಮ್ಮೆ ನೋಡಿದೆ. ನಿಜ ಹೇಳುತ್ತೇನೆ, “ನೀನೇ ಎತ್ಕೊಳಪ್ಪ” ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು.

ಅಷ್ಟರಲ್ಲಿ ರಮ್ಯಾ ಹೊರಗೆ ಬಂದಳು. ನಾನೇ ಹೊಲಿದ ಕೆಂಪು ಬ್ಲೌಸು, ನೆಲ ಗುಡಿಸುವಷ್ಟು ಉದ್ದಕ್ಕೆ ನೆರಿಗೆ ಬಿಟ್ಟ ರೇಷ್ಮೆ ಸೀರೆ. ನೇರವಾಗಿ ನನ್ನ ಹತ್ತಿರ ಬಂದು ಎರಡೂ ತೋಳನ್ನು ನನ್ನ ಕತ್ತಿಗೆ ಹಾಕಿ, “ಎತ್ಕಳಿ ಮಾವ” ಎಂದಳು.

ಮನೆದೇವರನ್ನು ನೆನೆದು, ಅವಳ ಸೊಂಟವನ್ನು ಬಳಸಿ ಹಿಡಿದು, ಉಸಿರು ಕಟ್ಟಿ ಎತ್ತಿದೆ.

ಏನಾಶ್ಚರ್ಯ! ಭಾರವೇ ಇಲ್ಲ! ಹೂವು ಎತ್ತಿದ ಹಾಗೆ! ಸೊಂಟದಲ್ಲಿ ಕಳಕ್ ಇಲ್ಲ, ಚಳುಕಿಲ್ಲ. ವಾಲಗ ಮೊಳಗಿತು. ನಡೆದೆ. ಜನ ದಾರಿ ಬಿಟ್ಟರು. ಅರ್ಧ ದಾರಿಗೆ ಧೈರ್ಯ ಹೆಚ್ಚಾಗಿ ನಾಗೇಂದ್ರನ ಕಡೆ ತಿರುಗಿ ಮುಗುಳ್ನಕ್ಕೆ. ಅವನ ಬಾಯಿ ತೆರೆದಿತ್ತು. ಮಂಟಪದ ಹತ್ತಿರ ಯಾರೋ, “ಈ ವಯಸ್ನಲ್ಲೂ ಎಂಗವ್ನೆ ನೋಡ್ಲಾ!” ಎಂದದ್ದು ಕೇಳಿಸಿತು. ಹಸೆಮಣೆಯ ಮುಂದೆ ನಿಂತು, ಎಲ್ಲರಿಗೂ ಕೇಳಲಿ ಎಂದು, “ನೋಡ್ದಾ ಮಗಾ, ಅಕ್ಯುಪಂಕ್ಚರ್ ಅಂದ್ರೆ ಇದು! ನೀನು ಒಂದು ಹಿಡಿ ಹತ್ತಿಯಷ್ಟೂ ತೂಕ ಇಲ್ಲ” ಎಂದೆ.

ರಮ್ಯಾ ನನ್ನ ಕಿವಿಗೆ ಬಾಯಿ ಹಚ್ಚಿದಳು.

“ಮೆಲ್ಲಗೆ ಮಾವ. ಬಾಗಿಲಿಂದ್ಲೂ ತುದಿಗಾಲಲ್ಲಿ ನಡ್ಕಂಡೇ ಬಂದಿವ್ನಿ. ಗೌರಿ ಅತ್ತೆ ರಾತ್ರಿನೇ ಫೋನ್ ಮಾಡಿ ಎಲ್ಲಾ ಯೋಳುದ್ರು. ನೀವು ಎರಡ್ಸಲ ನನ್ನ ಕಾಲ್ನೂ ತುಳುದ್ರಿ.”

ಕೆಳಗೆ ನೋಡಿದೆ. ಸೀರೆಯ ನೆರಿಗೆಯ ಅಂಚಿನಲ್ಲಿ ಅರಿಶಿನ ಹಚ್ಚಿದ ಹತ್ತು ಬೆರಳು ನೆಲದ ಮೇಲೆ ನೆಟ್ಟಗೆ ಕೂತಿದ್ದವು. ನನಗೆ ನಗು ಬಂತು, ಅದರ ಜೊತೆಗೇ ಅಳುವೂ ಬಂತು. ಸೊಂಟ ಉಳಿಯಿತು, ಹುಡುಗಿ ಬೀಳಲಿಲ್ಲ, ಮಾನ ಹೋಗಲಿಲ್ಲ. ಕಣ್ಣಲ್ಲಿ ನೀರು ಕಂಡ ಅಕ್ಕ, ಮಗಳು ಹೋಗುತ್ತಾಳಲ್ಲ ಎಂದು ತಮ್ಮ ಅಳುತ್ತಿದ್ದಾನೆ ಎಂದುಕೊಂಡು ತಾನೂ ಅತ್ತಳು. ನಾಗೇಂದ್ರನಂತೂ ಊಟದ ಪಂಕ್ತಿಯಲ್ಲಿ ನನ್ನ ಪಕ್ಕವೇ ಕೂತು, “ಆ ಮೇಡಮ್ಮಿನ ನಂಬರ್ ಕೊಡಣ್ಣ” ಎಂದು ದುಂಬಾಲು ಬಿದ್ದ.

ಕೊಟ್ಟೆ. ತಿಂಡಿ ತಿಂದು ಹೋಗು ಎಂದೂ ಹೇಳಿದೆ. ಉಳಿದ ವಿಷಯ ಹೇಳಲಿಲ್ಲ. ಅವತ್ತು ಇಡೀ ಛತ್ರ ನೋಡುತ್ತಿದ್ದಂತೆ ಸೋದರಮಾವ ನಿಜವಾಗಿ ಎತ್ತಿದ್ದು ಎರಡು ತೋಳುಗಳನ್ನು ಮಾತ್ರ. ಅವೂ ನನ್ನವೇ!